ಸಾಕೆಟ್ ಕೋಡ್‌ನಲ್ಲಿ ಯೂಸರ್ ಕೊಟ್ಟ ನಂಬರನ್ನು ಚೆಕ್ ಮಾಡುವುದು ಹೇಗೆ

ಮೊದಲು ಒಂದು ಮೂರು ಸಾಲಿನ ಕೋಡ್ ನೋಡೋಣ. ಲಿನಕ್ಸ್ ಕರ್ನಲ್‌ನ ಗೆಟ್‌ಸಾಕ್‌ಆಪ್ಟ್ ಹ್ಯಾಂಡ್ಲರ್ ಒಳಗೆ, ಅಂದರೆ ಸಾಕೆಟ್‌ನ (ನೆಟ್‌ವರ್ಕ್ ಸಂಪರ್ಕದ ತುದಿಯ) ಒಂದು ಆಪ್ಷನ್‌ನ ಬೆಲೆಯನ್ನು ಯೂಸರ್‌ಗೆ ಓದಿಕೊಡುವ ಫಂಕ್ಷನ್ ಒಳಗೆ ಇರುವಂಥದ್ದು. ಮೊದಲ ಸಾಲಿನಲ್ಲಿ ಯೂಸರ್ ಕೊಟ್ಟ ಉದ್ದವನ್ನು ಲೆನ್ ಅನ್ನುವ ಇಂಟ್‌ಗೆ ಓದಿಕೊಳ್ಳುತ್ತೇವೆ. ಎರಡನೇ ಸಾಲಿನಲ್ಲಿ ಮಿನ್_ಟಿ ಹಾಕಿ, ಅನ್‌ಸೈನ್ಡ್ ಇಂಟ್ (ಮೈನಸ್ ಇಲ್ಲದ ಪೂರ್ಣಾಂಕ) ಲೆಕ್ಕದಲ್ಲಿ, ಲೆನ್ ಮತ್ತು 4 ಇವೆರಡರಲ್ಲಿ ಚಿಕ್ಕದ್ದನ್ನು ಲೆನ್‌ಗೇ ತುಂಬುತ್ತೇವೆ. ಮೂರನೇ ಸಾಲು: ಲೆನ್ ಸೊನ್ನೆಗಿಂತ ಕಡಿಮೆ ಇದ್ದರೆ ಈ-ಇನ್‌ವಾಲ್ (ತಪ್ಪು ಬೆಲೆ ಅನ್ನುವ ಎರರ್) ಕೊಟ್ಟು ವಾಪಸ್.

ಸರಿಯಾಗೇ ಇದೆ ಅನಿಸುತ್ತದೆ, ಅಲ್ವಾ? ಆದರೆ ಮೂರನೇ ಸಾಲು ಯಾವತ್ತೂ ಕೆಲಸ ಮಾಡುವುದಿಲ್ಲ. ಯೂಸರ್ -1 ಕೊಟ್ಟ ಅಂದುಕೊಳ್ಳಿ. ಅನ್‌ಸೈನ್ಡ್ ಆದ ತಕ್ಷಣ ಅದು 4294967295 ಆಗುತ್ತದೆ. ಅದಕ್ಕೂ 4ಕ್ಕೂ ಹೋಲಿಸಿದರೆ ಚಿಕ್ಕದು 4. ಅಲ್ಲಿಗೆ ಲೆನ್ 4 ಆಯಿತು, ಮೈನಸ್ ಮಾಯ, ಮತ್ತು ಕರ್ನಲ್ ಖುಷಿಯಾಗಿ ನಾಲ್ಕು ಬೈಟ್ ಬರೆದು ಸೊನ್ನೆ ವಾಪಸ್ ಕೊಟ್ಟಿತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತಾರಲ್ಲ, ಹಾಗೆ.

ಇದು ನಾನು ಕಟ್ಟಿದ ಕತೆ ಅಲ್ಲ. ಲಿನಕ್ಸ್ ಕರ್ನಲ್‌ನ ಟಿಸಿಪಿ, ಯುಡಿಪಿ, ಎಲ್2ಟಿಪಿ, ಕೆಸಿಎಂ, ಎಕ್ಸ್25 ಅನ್ನುವ ಸಾಕೆಟ್ ಬಗೆಗಳೆಲ್ಲದರ ಗೆಟ್‌ಸಾಕ್‌ಆಪ್ಟ್‌ನಲ್ಲೂ ಇದೇ ಮೂರು ಸಾಲು ಇದೇ ಕ್ರಮದಲ್ಲಿ ಇತ್ತು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಿ ಬರೆದಿರಬೇಕು. 2024ರ ಮಾರ್ಚ್‌ನಲ್ಲಿ ಒಂದು ಪ್ಯಾಚ್ ಸರಣಿ ಬಂದು ಚೆಕ್ ಸಾಲನ್ನು ಮಿನ್_ಟಿ ಸಾಲಿನ ಮೇಲಕ್ಕೆ ಎತ್ತಿಟ್ಟಿತು, ಅಷ್ಟೆ. ಆ ತಪ್ಪಿನಿಂದ ಯಾರೂ ರೂಟ್ (ಸಿಸ್ಟಂನ ಪೂರ್ತಿ ಅಧಿಕಾರ ಇರುವ ಯೂಸರ್) ಆಗುತ್ತಿರಲಿಲ್ಲ, ನಿಜ. ಆದರೆ ಸಾಕೆಟ್ ಕೋಡ್‌ನ ಕೆಟ್ಟ ಬಗ್‌ಗಳನ್ನೆಲ್ಲ ಸಾಲಾಗಿ ಇಟ್ಟು ನೋಡಿದರೆ ಹಲವು ಇದೇ ಜಾತಿಯವು. ಚೆಕ್ ಇರುತ್ತದೆ. ತಪ್ಪು ಜಾಗದಲ್ಲಿ ಇರುತ್ತದೆ, ಇಲ್ಲವೇ ತಪ್ಪು ಟೈಪ್‌ನಲ್ಲಿ ಇರುತ್ತದೆ. ಹಾಗಾಗಿ ಈ ಗೈಡ್ ಚೆಕ್ ಹಾಕಿ ಅಂತ ಹೇಳುವುದಕ್ಕಲ್ಲ. ಎಲ್ಲಿ ಹಾಕಬೇಕು, ಯಾವ ಟೈಪ್‌ನಲ್ಲಿ ಹಾಕಬೇಕು ಅನ್ನುವುದಕ್ಕೆ.

(ಫಂಕ್ಷನ್ ಹೆಸರುಗಳನ್ನು ಆಫೀಸಿನಲ್ಲಿ ಬಾಯಲ್ಲಿ ಹೇಳುವ ಹಾಗೇ ಬರೆದಿದ್ದೇನೆ. ಕರ್ನಲ್ ಟ್ರೀಯಲ್ಲಿ ಹುಡುಕುವಾಗ ನಿಮಗೆ ಗೊತ್ತಾಗುತ್ತದೆ.)

ನಿಮ್ಮ ಕೈಗೆ ಬರುವ ಮೊದಲೇ ಏನೇನು ಚೆಕ್ ಆಗಿರುತ್ತದೆ

ನೀವು ಒಂದು ಚಿಕ್ಕ ಪ್ರೋಟೋಕಾಲ್ ಮಾಡ್ಯೂಲ್ ಬರೆಯುತ್ತಿದ್ದೀರಿ ಅಂದುಕೊಳ್ಳಿ. ಬೈಂಡ್, ಕನೆಕ್ಟ್, ಸೆಂಡ್‌ಮೆಸೇಜ್, ಸೆಟ್‌ಸಾಕ್‌ಆಪ್ಟ್ ಎಲ್ಲ ಬರೆಯಬೇಕು. ಸಿಸ್ಟಂ ಕಾಲ್ ಮಟ್ಟದಲ್ಲಿ, ಅಂದರೆ ನೆಟ್ ಫೋಲ್ಡರ್‌ನ ಸಾಕೆಟ್ ಡಾಟ್ ಸಿ ಫೈಲಿನಲ್ಲಿ, ಸ್ವಲ್ಪ ಕೆಲಸ ಆಗಿರುತ್ತದೆ. ಸೆಟ್‌ಸಾಕ್‌ಆಪ್ಟ್‌ಗೆ (ಆಪ್ಷನ್‌ನ ಬೆಲೆ ಬದಲಾಯಿಸುವ ಕಾಲ್) ಬಂದ ಆಪ್ಟ್‌ಲೆನ್, ಅಂದರೆ ಆ ಬೆಲೆಯ ಉದ್ದ, ಮೈನಸ್ ಇದ್ದರೆ ಅಲ್ಲೇ ತಿರಸ್ಕಾರ. ಬೈಂಡ್, ಕನೆಕ್ಟ್‌ಗೆ ಬಂದ ಅಡ್ರೆಸ್‌ನ ಉದ್ದ ಮೈನಸ್ ಇದ್ದರೆ ಅಥವಾ 128 ಬೈಟ್‌ಗಿಂತ ಜಾಸ್ತಿ ಇದ್ದರೆ ಮೂವ್_ಅಡ್ರ್_ಟು_ಕರ್ನಲ್ ಅದನ್ನು ಅಲ್ಲೇ ತಡೆಯುತ್ತದೆ. 128 ಅಂದರೆ ಸಾಕ್‌ಅಡ್ರ್_ಸ್ಟೋರೇಜ್‌ನ ಗಾತ್ರ. ಸೆಂಡ್‌ಮೆಸೇಜ್‌ನಲ್ಲಿ ಐಒವೆಕ್ (ಡೇಟಾ ತುಂಡುಗಳ ಪಟ್ಟಿ) ಎಣಿಕೆ 1024 ದಾಟಿದರೆ ಈ-ಎಂಎಸ್‌ಜಿ-ಸೈಜ್ ಅನ್ನುವ ಎರರ್.

ಇಷ್ಟೇ. ಇದರಾಚೆ ಎಲ್ಲ ನಿಮ್ಮ ಜವಾಬ್ದಾರಿ. ಮೇಲಿನವರು ನೋಡಿಕೊಂಡಿರುತ್ತಾರೆ ಬಿಡು ಅನ್ನುವ ಧೈರ್ಯ ಇಲ್ಲಿ ನಡೆಯುವುದಿಲ್ಲ.

ಉದಾಹರಣೆಗೆ ಉದ್ದ 1 ಅಂತ ಬಂದರೆ ಏನಾಗುತ್ತದೆ ನೋಡಿ. ಮೇಲಿನ ಪದರಕ್ಕೆ ಅದು ಓಕೆ. ಅದು ಆ 128 ಬೈಟ್ ಬಫರ್‌ಗೆ ಒಂದೇ ಬೈಟ್ ಕಾಪಿ ಮಾಡಿ ನಿಮ್ಮ ಬೈಂಡ್‌ಗೆ ಕೊಡುತ್ತದೆ. ಉಳಿದ 127 ಬೈಟ್‌ನಲ್ಲಿ ಸ್ಟ್ಯಾಕ್ ಮೇಲೆ ಮೊದಲಿದ್ದ ಕಸ. ನೀವು ಉದ್ದ ನೋಡದೆ ಫ್ಯಾಮಿಲಿ ಫೀಲ್ಡ್ (ಇದು ಯಾವ ಬಗೆಯ ವಿಳಾಸ ಅಂತ ಹೇಳುವುದು) ಓದಿದರೆ, ಅದು ಎರಡು ಬೈಟ್ ಇರುವುದರಿಂದ, ಅರ್ಧ ಯೂಸರ್‌ದು, ಅರ್ಧ ಕಸ. ಆದ್ದರಿಂದ ಮೊದಲು ಉದ್ದ, ಆಮೇಲೆ ಫ್ಯಾಮಿಲಿ, ಆಮೇಲೆ ಉಳಿದ ಫೀಲ್ಡ್‌ಗಳು. ಐಪಿವಿ4 ಬೈಂಡ್ 16 ಬೈಟ್‌ಗಿಂತ ಕಡಿಮೆ ಇದ್ದರೆ ಈ-ಇನ್‌ವಾಲ್ ಕೊಟ್ಟ ಮೇಲೇ ಒಳಗೆ ಕಣ್ಣು ಹಾಕುವುದು.

ಐಪಿವಿ6 ಇನ್ನೂ ಚೆನ್ನಾಗಿದೆ. ಸಾಕ್‌ಅಡ್ರ್_ಇನ್6 ಈಗ 28 ಬೈಟ್. ಆದರೆ ಹಳೆಯ ಆರ್‌ಎಫ್‌ಸಿ 2133 ಅನ್ನುವ ದಾಖಲೆಯ ಕಾಲದ ರಚನೆಯಲ್ಲಿ (ಸ್ಟ್ರಕ್ಟ್) ಸ್ಕೋಪ್ ಐಡಿ, ಅಂದರೆ ವಿಳಾಸ ಯಾವ ನೆಟ್‌ವರ್ಕ್ ಇಂಟರ್‌ಫೇಸ್‌ನದು ಅಂತ ಹೇಳುವ ಫೀಲ್ಡ್, ಇರಲಿಲ್ಲ, 24 ಬೈಟ್ ಅಷ್ಟೇ. ಆ ಕಾಲದ ಪ್ರೋಗ್ರಾಂಗಳು ಮುರಿಯಬಾರದು ಅಂತ ಕರ್ನಲ್ 24 ಇದ್ದರೂ ಒಪ್ಪುತ್ತದೆ. ಹಾಗಾದರೆ ಸ್ಕೋಪ್ ಐಡಿ ಓದುವಾಗ? ಓದುವ ಜಾಗದಲ್ಲೇ ಇನ್ನೊಂದು ಸಲ ಉದ್ದ ಪೂರ್ತಿ 28 ಇದೆಯಾ ಅಂತ ನೋಡುತ್ತದೆ. ಬಾಗಿಲಲ್ಲಿ ಒಂದು ಚೆಕ್, ಒಳಗಿನ ಬೀರುವಿಗೆ ಇನ್ನೊಂದು. ಉದ್ದಕ್ಕೆ ತಕ್ಕ ಹಾಗೆ ಫೀಲ್ಡ್ ಇರುವ, ಇಲ್ಲದಿರುವ ರಚನೆಗಳಿಗೆ ಇದನ್ನೇ ನಕಲು ಮಾಡಿ.

ಸೆಟ್‌ಸಾಕ್‌ಆಪ್ಟ್: ಎಷ್ಟು ಕೊಟ್ಟಿದ್ದಾನೋ ಅಷ್ಟೇ ಓದಿ

ಇಲ್ಲಿ ಮೊದಲ ತಪ್ಪು ಸೋಮಾರಿತನದ್ದು. ಆಪ್ಷನ್ ಒಂದು ಇಂಟ್, ಆದ್ದರಿಂದ ಆಪ್ಟ್‌ಲೆನ್ ನೋಡದೇ ನಾಲ್ಕು ಬೈಟ್ ಕಾಪಿ ಮಾಡಿಬಿಡುವುದು. ಯೂಸರ್ ಆಪ್ಟ್‌ಲೆನ್ 1 ಅಂತ ಕೊಟ್ಟಿದ್ದರೂ ಏನಾಯಿತು, ಅವನದೇ ಮೆಮೊರಿಯಿಂದ ಮೂರು ಬೈಟ್ ಜಾಸ್ತಿ ಓದಿದೆವು, ಕರ್ನಲ್‌ಗೇನು ನಷ್ಟ? ಬಹಳ ಕಾಲ ಈ ವಾದ ಹೆಚ್ಚುಕಡಿಮೆ ನಿಜವೇ ಆಗಿತ್ತು.

ಆಮೇಲೆ ನೆಲ ಅಲ್ಲಾಡಿತು. ಸಿಗ್ರೂಪ್‌ಗೆ (ಪ್ರೊಸೆಸ್‌ಗಳ ಒಂದು ಗುಂಪು) ಬಿಪಿಎಫ್ ಪ್ರೋಗ್ರಾಂ, ಅಂದರೆ ಕರ್ನಲ್ ಒಳಗೇ ಓಡುವ ಪುಟ್ಟ ಪ್ರೋಗ್ರಾಂ, ಸಿಕ್ಕಿಸಿ ಸೆಟ್‌ಸಾಕ್‌ಆಪ್ಟ್‌ನ ಬೆಲೆಯನ್ನು ದಾರಿಯಲ್ಲೇ ಬದಲಾಯಿಸುವ ಸೌಲಭ್ಯ ಬಂತು. ಹಾಗೆ ಬದಲಾಯಿಸಿದಾಗ ನಿಮ್ಮ ಹ್ಯಾಂಡ್ಲರ್‌ಗೆ ಬರುವುದು ಯೂಸರ್ ಪಾಯಿಂಟರ್ ಅಲ್ಲ, ಕರ್ನಲ್ ತಾನೇ ಅಲೊಕೇಟ್ ಮಾಡಿದ ಬಫರ್, ಸರಿಯಾಗಿ ಆಪ್ಟ್‌ಲೆನ್‌ನಷ್ಟೇ ಉದ್ದದ್ದು. 2020ರಲ್ಲಿ, 5.9 ಕರ್ನಲ್ ಹೊತ್ತಿಗೆ, ಯೂಸರ್ ಪಾಯಿಂಟರ್ ಮತ್ತು ಕರ್ನಲ್ ಪಾಯಿಂಟರ್ ಎರಡನ್ನೂ ಹೊರುವ ಸಾಕ್‌ಪಿಟಿಆರ್_ಟಿ ಅನ್ನುವ ಟೈಪ್ ಬಂತು. ಈಗ ಅದೇ ಮೂರು ಬೈಟ್ ಜಾಸ್ತಿ ಓದಿದರೆ ಕರ್ನಲ್ ಹೀಪ್‌ನಲ್ಲಿ ಪಕ್ಕದವನ ಮನೆಗೆ ಕೈ ಹಾಕಿದ ಹಾಗೆ. ಉದ್ದ ನೋಡದ ಅಭ್ಯಾಸ ಹಳೆಯದೇ, ಆದರೆ ಈಗ ಬಗ್ ಆಯಿತು. 2024ರಲ್ಲಿ ಸಿಜ್‌ಬಾಟ್ (ಕರ್ನಲ್ ಬಗ್‌ಗಳನ್ನು ತಾನಾಗೇ ಹುಡುಕುವ ಬಾಟ್) ಇಂಥವನ್ನು ನೆಟ್‌ಫಿಲ್ಟರ್, ಬ್ಲೂಟೂತ್ ಕಡೆಯೆಲ್ಲ ಒಂದೊಂದಾಗಿ ಹೆಕ್ಕಿ ತೆಗೆಯಿತು. ಆಗ ಬಂದದ್ದು ಕಾಪಿ_ಸೇಫ್_ಫ್ರಮ್_ಸಾಕ್‌ಪಿಟಿಆರ್. ಎಷ್ಟು ಬೇಕು, ಎಷ್ಟು ಬಂದಿದೆ ಎರಡನ್ನೂ ಅದಕ್ಕೆ ಕೊಡುತ್ತೀರಿ. ಕಡಿಮೆ ಬಂದಿದ್ದರೆ ಅದೇ ಈ-ಇನ್‌ವಾಲ್ ಕೊಡುತ್ತದೆ. ಹೊಸ ಕೋಡ್‌ನಲ್ಲಿ ಇದನ್ನೇ ಬಳಸಿ. ಕೈಯಾರೆ ಬರೆಯುವ ಹಠ ಬೇಡ.

ಅಂಡರ್‌ಸ್ಕೋರ್ ಎರಡಿರುವ ಕಾಪಿ ಫಂಕ್ಷನ್‌ಗಳ ಬಗ್ಗೆ ಒಂದು ಮಾತು. ಅವು ಯೂಸರ್ ಪಾಯಿಂಟರ್ ನಿಜವಾಗಿ ಯೂಸರ್ ಜಾಗದ್ದೇನಾ ಅಂತ ನೋಡುವುದಿಲ್ಲ, ನೀವೇ ನೋಡಿರಬೇಕು. ಆರ್‌ಡಿಎಸ್ ಪ್ರೋಟೋಕಾಲ್‌ನಲ್ಲಿ ಯಾರೂ ನೋಡಿರಲಿಲ್ಲ. 2010ರಲ್ಲಿ ಭದ್ರತಾ ಸಂಶೋಧಕ ಡ್ಯಾನ್ ರೋಸೆನ್‌ಬರ್ಗ್ ಅದನ್ನು ಹಿಡಿದರು (ಸಿವಿಇ-2010-3904; ಸಿವಿಇ ಅಂದರೆ ಭದ್ರತಾ ಬಗ್‌ಗಳಿಗೆ ಕೊಡುವ ಸಾರ್ವಜನಿಕ ನಂಬರ್). ಯೂಸರ್ ಬಫರ್ ಅಂತ ಹೇಳಿ ಕರ್ನಲ್ ವಿಳಾಸ ಕೊಟ್ಟರೆ ಕರ್ನಲ್ ಅಲ್ಲಿಗೇ ಬರೆದುಬಿಡುತ್ತಿತ್ತು. ಸಾಮಾನ್ಯ ಯೂಸರ್ ನೇರ ರೂಟ್. ವೇಗಕ್ಕೆ ಅಂತ ಡಬಲ್ ಅಂಡರ್‌ಸ್ಕೋರ್ ಬಳಸುವ ಪ್ಯಾಚ್ ಕಂಡರೆ ನನಗೆ ಇವತ್ತಿಗೂ ಕೈ ತಡೆಯುತ್ತದೆ.

ಬೆಲೆ ಕೈಗೆ ಬಂದ ಮೇಲೆ: ತಿದ್ದುವುದೋ, ತಿರಸ್ಕರಿಸುವುದೋ

ಬಂದ ನಂಬರ್ ಮಿತಿ ದಾಟಿದೆ. ಮಿತಿಗೆ ಇಳಿಸಿ ಒಪ್ಪಿಕೊಳ್ಳಬೇಕೋ, ಈ-ಇನ್‌ವಾಲ್ ಎಸೆಯಬೇಕೋ? ನನ್ನ ಲೆಕ್ಕ ಸರಳ. ಅದು ಬರೀ ಸೂಚನೆ ಆಗಿದ್ದರೆ ಇಳಿಸಿ. ರಿಸೀವ್ ಬಫರ್ ಗಾತ್ರ ಹಾಗೇ. ಆರ್‌ಮೆಮ್_ಮ್ಯಾಕ್ಸ್ ಅನ್ನುವ ಸಿಸ್ಟಂ ಮಿತಿಗಿಂತ ದೊಡ್ಡದು ಕೇಳಿದರೂ ಎಸ್‌ಒ_ಆರ್‌ಸಿವಿಬಫ್ ಜಗಳ ಮಾಡದೆ ಅಲ್ಲಿಗೆ ನಿಲ್ಲಿಸುತ್ತದೆ. ಇಲ್ಲದಿದ್ದರೆ ಪ್ರತಿ ಆ್ಯಪ್ ಕೂಡ ದೊಡ್ಡ ಗಾತ್ರ ಯಾವುದು ಅಂತ ಊಹಿಸುವ ಆಟ ಆಡಬೇಕಾಗುತ್ತದೆ. ಮಿಕ್ಕಿದ್ದೆಲ್ಲ ತಿರಸ್ಕರಿಸಿ. ಅದರಲ್ಲೂ ಗೊತ್ತಿಲ್ಲದ ಫ್ಲ್ಯಾಗ್‌ಗಳನ್ನು.

ಫ್ಲ್ಯಾಗ್ ವಿಷಯದಲ್ಲಿ ಇಲ್ಲೇ ಎರಡು ದಾರಿ ಇವೆ, ನೋಡಿ. ಸಾಕೆಟ್ ಸಿಸ್ಟಂ ಕಾಲ್‌ನ ಟೈಪ್ ಆರ್ಗ್ಯುಮೆಂಟ್‌ನಲ್ಲಿ ಕ್ಲೋಎಕ್ಸೆಕ್, ನಾನ್‌ಬ್ಲಾಕ್ ಬಿಟ್ಟು ಬೇರೆ ಬಿಟ್ ಬಂದರೆ ಈ-ಇನ್‌ವಾಲ್. ಶುದ್ಧ. ಆದರೆ ಸೆಂಡ್ ಕಾಲ್‌ನ ಫ್ಲ್ಯಾಗ್‌ಗಳಲ್ಲಿ ಗೊತ್ತಿಲ್ಲದ ಬಿಟ್ ಬಂದರೆ ಕರ್ನಲ್ ಮೊದಲಿಂದಲೂ ಸುಮ್ನೆ ಬಿಟ್ಟುಬಿಡುತ್ತಿತ್ತು. 2017ರಲ್ಲಿ, 4.14ರಲ್ಲಿ, ಎಂಎಸ್‌ಜಿ_ಜೀರೋಕಾಪಿ (ಡೇಟಾ ಕಾಪಿ ಮಾಡದೇ ಕಳಿಸು ಅನ್ನುವ ಫ್ಲ್ಯಾಗ್) ಬಂದಾಗ ಅದರ ಬೆಲೆ ತೆರಬೇಕಾಯಿತು. ಹೊಸ ಬಿಟ್‌ಗೆ ಅರ್ಥ ಕೊಟ್ಟ ತಕ್ಷಣ, ಇಷ್ಟು ವರ್ಷ ಗೊತ್ತಿಲ್ಲದೆ ಆ ಬಿಟ್ ಹಾಕಿಕೊಂಡು ಬಂದಿದ್ದ ಯಾವುದೋ ಹಳೇ ಪ್ರೋಗ್ರಾಂ ಮುರಿಯಬಹುದು. ಅದಕ್ಕೇ ಜೀರೋಕಾಪಿ ಬೇಕಾದವನು ಮೊದಲು ಸೆಟ್‌ಸಾಕ್‌ಆಪ್ಟ್‌ನಲ್ಲಿ ಎಸ್‌ಒ_ಜೀರೋಕಾಪಿ ಹಾಕಿ, ನನಗೆ ಇದು ಬೇಕು ಅಂತ ಹೇಳಬೇಕು. ಇವತ್ತಿಗೂ. ಮೊದಲ ದಿನವೇ ಗೊತ್ತಿಲ್ಲದ ಬಿಟ್‌ಗೆ ಬೇಡ ಅಂದಿದ್ದರೆ ಈ ಎರಡನೇ ಬಾಗಿಲು ಬೇಕಿರಲಿಲ್ಲ. ನಿಮ್ಮ ರಚನೆಯಲ್ಲಿ ಮುಂದಕ್ಕೆ ಇರಲಿ ಅಂತ ಬಿಟ್ಟ ರಿಸರ್ವ್ಡ್ ಫೀಲ್ಡ್ ಇದ್ದರೆ ಅದಕ್ಕೂ ಇದೇ ಮಾತು. ಸೊನ್ನೆ ಅಲ್ಲದಿದ್ದರೆ ವಾಪಸ್.

ತಿದ್ದುವಾಗಲೂ ಟೈಪ್ ಕಾಟ ತಪ್ಪಿದ್ದಲ್ಲ. ಎಸ್‌ಒ_ಎಸ್‌ಎನ್‌ಡಿಬಫ್‌ಫೋರ್ಸ್‌ನಲ್ಲಿ, ಕೊಟ್ಟ ಬೆಲೆಯ ಎರಡರಷ್ಟು ಮತ್ತು ಕನಿಷ್ಠ ಮಿತಿ, ಇವೆರಡರಲ್ಲಿ ದೊಡ್ಡದ್ದನ್ನು ಮ್ಯಾಕ್ಸ್_ಟಿ ಆರಿಸುತ್ತಿತ್ತು. ಟೈಪ್ ಯು32, ಅಂದರೆ 32 ಬಿಟ್ ಅನ್‌ಸೈನ್ಡ್. ಮೈನಸ್ ಬೆಲೆ ಕೊಟ್ಟರೆ ಯು32ನಲ್ಲಿ ಅದು ಭಾರೀ ದೊಡ್ಡ ನಂಬರ್, ಆದ್ದರಿಂದ ಅದೇ ಗೆದ್ದು, ಬಫರ್ ಗಾತ್ರದ ಇಂಟ್ ಫೀಲ್ಡ್‌ನಲ್ಲಿ ಮತ್ತೆ ಮೈನಸ್ ಆಗಿ ಕೂರುತ್ತಿತ್ತು. 2016ರ ಸಿವಿಇ-2016-9793 ಇದು. ಪರಿಹಾರ ಏನು ಗೊತ್ತಾ? ಯು32 ಅಂತ ಇದ್ದದ್ದನ್ನು ಇಂಟ್ ಅಂತ ಮಾಡಿದ್ದು. ಒಂದು ಪದ. ಮಿನ್_ಟಿ, ಮ್ಯಾಕ್ಸ್_ಟಿ ಕಂಡಾಗೆಲ್ಲ ಬ್ರಾಕೆಟ್‌ನ ಮೊದಲ ಪದ ಓದಿ, ಅದು ಯಾಕೆ ಅದೇ ಟೈಪ್ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಉತ್ತರ ಬರದಿದ್ದರೆ ಮುಂದೆ ಹೋಗಬೇಡಿ.

ಲೆಕ್ಕ ಮಾಡುವ ಮೊದಲು

ಈ ಭಾಗಕ್ಕೆ ಸ್ವಲ್ಪ ಸಮಯ ಕೊಡಿ, ಬೇಕಾದರೆ ಒಂದು ಕಾಫಿ ತನ್ನಿ.

ಎಎಫ್_ಪ್ಯಾಕೆಟ್ ಅನ್ನುವುದು ಟಿಸಿಪಿಡಂಪ್ ಥರದ, ನೆಟ್‌ವರ್ಕ್ ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ಟೂಲ್‌ಗಳು ಬಳಸುವ ಸಾಕೆಟ್. ಅದರಲ್ಲಿ ಯೂಸರ್ ಒಂದು ರಿಂಗ್ ಬಫರ್ ಕೇಳಬಹುದು. ಬ್ಲಾಕ್ ಗಾತ್ರ ಇಷ್ಟು, ಪ್ರತಿ ಬ್ಲಾಕ್‌ನಲ್ಲಿ ನನ್ನ ಖಾಸಗಿ ಜಾಗ ಇಷ್ಟು ಅಂತ ಎರಡೂ ನಂಬರ್ ಅವನೇ ಕೊಡುತ್ತಾನೆ. ಕರ್ನಲ್ ನೋಡಬೇಕಾದದ್ದು: ಹೆಡರ್ ಮತ್ತು ಖಾಸಗಿ ಜಾಗ ಸೇರಿ ಬ್ಲಾಕ್ ಒಳಗೆ ಹಿಡಿಸುತ್ತದಾ? ಇದ್ದ ಚೆಕ್ ಹೀಗೆ. ಬ್ಲಾಕ್ ಗಾತ್ರದಿಂದ ಆ ಮೊತ್ತ ಕಳೆ, ಬಂದದ್ದನ್ನು ಇಂಟ್ ಮಾಡು, ಸೊನ್ನೆ ಅಥವಾ ಕಡಿಮೆ ಇದ್ದರೆ ತಿರಸ್ಕರಿಸು.

ಈಗ ಪೆನ್ನು ಹಿಡಿಯಿರಿ. ಬ್ಲಾಕ್ 4096. ಖಾಸಗಿ ಜಾಗ 2147487744, ಅಂದರೆ 2147483648ಕ್ಕೆ 4096 ಕೂಡಿಸಿದ್ದು. ಹೆಡರ್ 48. ಮೊತ್ತ 2147487792. 4096ರಿಂದ ಅದನ್ನು ಕಳೆದರೆ ನಿಜವಾದ ಉತ್ತರ -2147483696. ಆದರೆ 32 ಬಿಟ್ ಇಂಟ್‌ನಲ್ಲಿ ಹಿಡಿಸುವ ಅತಿ ಚಿಕ್ಕ ನಂಬರ್ -2147483648. ಬರೀ 48 ಕಡಿಮೆ ಬಿತ್ತು. ಚಕ್ರ ಸುತ್ತಿ ಆ ಕಡೆಯಿಂದ ಬಂದು 2147483600 ಆಯಿತು. ಇಂಟ್ ಆಗಿ ನೋಡಿದರೆ ಒಳ್ಳೇ ಪ್ಲಸ್ ನಂಬರ್. ಚೆಕ್ ಪಾಸ್! ನಾಲ್ಕು ಕೆಬಿ ಬ್ಲಾಕ್‌ನಲ್ಲಿ ಎರಡು ಜಿಬಿ ಖಾಸಗಿ ಜಾಗ ಹಿಡಿಸುತ್ತದೆ ಅಂತ ಕರ್ನಲ್ ನಂಬಿತು. ಮುಂದೆ ಅದೇ ನಂಬರ್ 16 ಬಿಟ್ ಫೀಲ್ಡ್ ಒಂದಕ್ಕೆ ಇಳಿದು ಮೇಲಿನ ಬಿಟ್‌ಗಳು ಉದುರಿಹೋಗುತ್ತವೆ. ಅಂದರೆ ಬಫರ್‌ನ ಹೊರಗೆ ಎಷ್ಟು ದೂರ ಬರೆಯಬೇಕು ಅನ್ನುವುದನ್ನು ದಾಳಿ ಮಾಡುವವನೇ ಆರಿಸಿಕೊಳ್ಳಬಹುದು.

ಇದೇ ಸಿವಿಇ-2017-7308. ಈ ಕೋಡ್ ಒಳಗೆ ಬಂದದ್ದು 2011ರ ಆಗಸ್ಟ್‌ನಲ್ಲಿ. ಆ್ಯಂಡ್ರೆ ಕೊನೊವಲೋವ್ ಸಿಜ್‌ಕಾಲರ್ ಅನ್ನುವ ಫಜರ್ (ಬಗೆಬಗೆಯ ಇನ್‌ಪುಟ್ ಸುರಿದು ಬಗ್ ಹುಡುಕುವ ಟೂಲ್) ಓಡಿಸಿ ಅದನ್ನು ಹಿಡಿಯುವ ಹೊತ್ತಿಗೆ ಐದು ವರ್ಷ ದಾಟಿತ್ತು. ಆ ಸಾಲನ್ನು ಅಷ್ಟು ದಿನದಲ್ಲಿ ಎಷ್ಟು ಜನ ಓದಿರಬಹುದು! ಚೆಕ್ ಇದೆ ಅಂತ ಕಣ್ಣು ಮುಂದಕ್ಕೆ ಜಾರುತ್ತದೆ.

ತಿದ್ದಿದ್ದು ಹೀಗೆ. ಖಾಸಗಿ ಜಾಗದ ನಂಬರನ್ನು ಮೊದಲೇ 64 ಬಿಟ್ ಮಾಡಿಕೊಂಡು ಮೊತ್ತ ತೆಗೆದು, ಕಳೆಯುವ ಬದಲು ನೇರ ಹೋಲಿಸಿದರು. ಬ್ಲಾಕ್ ಈ ಮೊತ್ತಕ್ಕಿಂತ ಕಡಿಮೆ ಅಥವಾ ಸಮ ಇದ್ದರೆ ಹೊರಗೆ. ನೀವೂ ಇದನ್ನು ಅಭ್ಯಾಸ ಮಾಡಿಕೊಳ್ಳಿ. ಯೂಸರ್ ಕೊಟ್ಟ ಎರಡು ನಂಬರ್‌ಗಳನ್ನು ಕಳೆದು ಸೊನ್ನೆಗೆ ಹೋಲಿಸಬೇಡಿ, ಒಂದನ್ನೊಂದು ಹೋಲಿಸಿ. ಕಳೆದಾಗ ಉತ್ತರ ಚಕ್ರ ಸುತ್ತಬಹುದು, ಹೋಲಿಸಿದಾಗ ಆ ಭಯ ಇಲ್ಲ. ಟೈಪ್ ಮಾತ್ರ ಆಗಲೂ ನೋಡಿಕೊಳ್ಳಬೇಕು.

ಗುಣಿಸುವುದಂತೂ ಇನ್ನೂ ಅಪಾಯ. ಮಲ್ಟಿಕಾಸ್ಟ್ ಫಿಲ್ಟರ್‌ನಲ್ಲಿ ಯೂಸರ್ ಎಷ್ಟು ಸೋರ್ಸ್ ವಿಳಾಸ ಇದೆ ಅಂತ ಹೇಳುತ್ತಾನೆ. ಬೇಕಾದ ಮೆಮೊರಿ ಅಂದರೆ 16 ಬೈಟ್ ಹೆಡರ್, ಜೊತೆಗೆ ಪ್ರತಿ ವಿಳಾಸಕ್ಕೆ 4. ಅವನು 1073741820 ಅಂದರೆ? ನಾಲ್ಕರಿಂದ ಗುಣಿಸಿ 16 ಕೂಡಿಸಿದರೆ ಸರಿಯಾಗಿ 4294967296. 32 ಬಿಟ್‌ನಲ್ಲಿ ಅದು ಸೊನ್ನೆ. ಸೊನ್ನೆ ಬೈಟ್ ಅಲೊಕೇಟ್ ಮಾಡಿ ನೂರು ಕೋಟಿ ವಿಳಾಸ ತುಂಬಲು ಹೊರಟ ಹಾಗಾಯಿತು. ಇದೇ ಜಾತಿಯ ಓವರ್‌ಫ್ಲೋ 2004ರಲ್ಲಿ ಎಂಕಾಸ್ಟ್_ಎಂಎಸ್‌ಫಿಲ್ಟರ್ ಆಪ್ಷನ್‌ನಲ್ಲಿ ಸಿಕ್ಕಿತ್ತು (ಸಿವಿಇ-2004-0424). ಮೇಲಿನ ಲೆಕ್ಕದ ಐಪಿ_ಎಂಎಸ್‌ಫಿಲ್ಟರ್ ಆಪ್ಷನ್‌ನ ಈಗಿನ ಕೋಡ್ ಓದಿ, ಮಾದರಿ ಅಂದರೆ ಅದು. ಮೊದಲು ಒಟ್ಟು ಆಪ್ಟ್‌ಲೆನ್‌ಗೆ ಮಿತಿ. ಆಮೇಲೆ ಎಣಿಕೆ ಆ 1ಜಿ ಕಳೆ 4ನ್ನು ಮುಟ್ಟಿತಾ ಅಂತ ಚೆಕ್, ಪಕ್ಕದಲ್ಲಿ 32 ಬಿಟ್‌ನಲ್ಲಿ ಓವರ್‌ಫ್ಲೋ ಅಂತ ಕಾಮೆಂಟ್. ಆಮೇಲೆ ಸಿಸ್‌ಕಂಟ್ರೋಲ್ ಮಿತಿ, ಅಂದರೆ ಅಡ್ಮಿನ್ ಬದಲಾಯಿಸಬಲ್ಲ ಮಿತಿ. ಕೊನೆಗೆ, ಈ ಎಣಿಕೆಗೆ ಬೇಕಾದಷ್ಟು ಬೈಟ್ ನಿಜವಾಗಿ ಬಂದಿದೆಯಾ ಅಂತ. ಇವತ್ತು ಬರೆಯುವುದಾದರೆ ಓವರ್‌ಫ್ಲೋ ಡಾಟ್ ಎಚ್‌ನಲ್ಲಿರುವ ಚೆಕ್_ಮಲ್_ಓವರ್‌ಫ್ಲೋ, ಸ್ಟ್ರಕ್ಟ್_ಸೈಜ್ ಬಳಸಿ. 2018ರಿಂದ ಇವೆ. ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಚೆಕ್ ಮಾಡುವಾಗ ನಂಬರ್ ದೊಡ್ಡ ಟೈಪ್‌ನಲ್ಲಿದ್ದು, ಇಟ್ಟುಕೊಳ್ಳುವಾಗ ಚಿಕ್ಕದಕ್ಕೆ ಇಳಿದರೂ ಅದೇ ಕತೆ. ಸಾಕೆಟ್ ಕಾಲ್‌ನ ಮೂರನೇ ಆರ್ಗ್ಯುಮೆಂಟ್ ಪ್ರೋಟೋಕಾಲ್, ಒಂದು ಇಂಟ್. ಒಳಗೆ ಅದನ್ನು ಇಡುತ್ತಿದ್ದದ್ದು 8 ಬಿಟ್ ಫೀಲ್ಡ್‌ನಲ್ಲಿ. ರಾ ಸಾಕೆಟ್‌ಗೆ 1073741824 ಕೊಟ್ಟರೆ ಮೊದಲಿಗೆ ಅದು ಸೊನ್ನೆ ಅಲ್ಲ, ಇಟ್ಟ ಮೇಲೆ ಸೊನ್ನೆ. ಅದರಿಂದ ಕರ್ನಲ್ ನಲ್ ಫಂಕ್ಷನ್ ಪಾಯಿಂಟರ್ ಕಡೆ ಹಾರಿ ಬೀಳುತ್ತಿತ್ತು (ಸಿವಿಇ-2015-8543). ಈಗ ಬಾಗಿಲಲ್ಲೇ ವ್ಯಾಪ್ತಿ ಚೆಕ್ ಇದೆ. ಆಮೇಲೆ ಎಂಪಿಟಿಸಿಪಿ (ಒಂದೇ ಸಲ ಹಲವು ದಾರಿ ಬಳಸುವ ಟಿಸಿಪಿ) 262 ಅನ್ನುವ ನಂಬರ್ ತೆಗೆದುಕೊಂಡು ಬಂದಾಗ ಫೀಲ್ಡ್ ಅನ್ನೇ 16 ಬಿಟ್ ಮಾಡಬೇಕಾಯಿತು. ಎಎಫ್_ಪ್ಯಾಕೆಟ್ ಇಲ್ಲೂ ಹಿಂದೆ ಬಿದ್ದಿಲ್ಲ. 2020ರ ಸಿವಿಇ-2020-14386ರಲ್ಲಿ 32 ಬಿಟ್‌ನ ರಿಸರ್ವ್ ನಂಬರನ್ನು 16 ಬಿಟ್ ಆಫ್‌ಸೆಟ್‌ಗೆ ಕೂಡಿಸಿದ್ದರು.

ಇಲ್ಲಿ ಒಂದು ಸಮಜಾಯಿಷಿ ಪದೇ ಪದೇ ಕೇಳುತ್ತೇನೆ. ಈ ಆಪ್ಷನ್‌ಗೆ ಕ್ಯಾಪ್_ನೆಟ್_ರಾ ಅನ್ನುವ ವಿಶೇಷ ಅಧಿಕಾರ ಬೇಕು, ಅಂದರೆ ರೂಟ್ ಬೇಕು, ರೂಟ್ ಆದವನು ಏನು ಬೇಕಾದರೂ ಮಾಡಬಹುದಲ್ಲ ಅಂತ. ಆದರೆ ಯೂಸರ್ ನೇಮ್‌ಸ್ಪೇಸ್ (ತನ್ನದೇ ಯೂಸರ್, ಅಧಿಕಾರಗಳಿರುವ ಪ್ರತ್ಯೇಕ ಆವರಣ) ತೆರೆದಿರುವ ಮೆಷಿನ್‌ನಲ್ಲಿ ಯಾವ ಸಾಮಾನ್ಯ ಯೂಸರ್ ಬೇಕಾದರೂ ತನ್ನದೇ ನೇಮ್‌ಸ್ಪೇಸ್ ಕಟ್ಟಿಕೊಂಡು ಅದರೊಳಗೆ ಆ ಅಧಿಕಾರ ಪಡೆಯುತ್ತಾನೆ. ಮೇಲಿನ ಎಎಫ್_ಪ್ಯಾಕೆಟ್ ಬಗ್‌ಗಳು ಅಪಾಯ ಆದದ್ದು ಆ ದಾರಿಯಿಂದಲೇ.

ಒಂದೇ ಸಲ ಓದಿ, ಲಾಕ್ ಹಿಡಿದು ಚೆಕ್ ಮಾಡಿ

ಯೂಸರ್ ಮೆಮೊರಿ ನಿಮ್ಮದಲ್ಲ. ನೀವು ಅಲ್ಲಿಂದ ಉದ್ದ ಓದಿ, ಚೆಕ್ ಮಾಡಿ, ಮತ್ತೆ ಅಲ್ಲಿಂದಲೇ ಓದುವಷ್ಟರಲ್ಲಿ ಅವನ ಇನ್ನೊಂದು ಥ್ರೆಡ್ ಅದನ್ನು ಬದಲಾಯಿಸಿರುತ್ತದೆ. 2005ರಲ್ಲಿ 64 ಬಿಟ್ ಕರ್ನಲ್ ಮೇಲೆ 32 ಬಿಟ್ ಪ್ರೋಗ್ರಾಂ ಮಾಡುವ ಸೆಂಡ್‌ಮೆಸೇಜ್‌ನಲ್ಲಿ ಸರಿಯಾಗಿ ಇದೇ ಆಯಿತು. ಮೊದಲ ಸುತ್ತಿನಲ್ಲಿ ಕಂಟ್ರೋಲ್ ಮೆಸೇಜ್‌ಗಳ ಉದ್ದ ಕೂಡಿ ಜಾಗ ಎಷ್ಟು ಬೇಕು ಅಂತ ನೋಡಿ, ಎರಡನೇ ಸುತ್ತಿನಲ್ಲಿ ಮತ್ತೆ ಯೂಸರ್ ಕಡೆಯಿಂದ ಉದ್ದ ಓದಿ ಕಾಪಿ ಮಾಡುತ್ತಿದ್ದರು. ನಡುವೆ ಉದ್ದ ಬೆಳೆದರೆ ಸ್ಟ್ಯಾಕ್ ಓವರ್‌ಫ್ಲೋ (ಸಿವಿಇ-2005-2490). ಪೂರ್ತಿ ರಚನೆ ಒಂದೇ ಸಲ ಕರ್ನಲ್‌ಗೆ ತಂದುಕೊಳ್ಳಿ. ಆಮೇಲೆ ಯೂಸರ್ ಪಾಯಿಂಟರ್ ಕಡೆ ತಿರುಗಿಯೂ ನೋಡಬೇಡಿ.

ಕರ್ನಲ್ ಒಳಗಿನ ಸ್ಥಿತಿಗೂ ಅದೇ. ನಂಬರ್ ಸರಿಯಾ ಅನ್ನುವುದು ಸಾಕೆಟ್ ಈಗ ಯಾವ ಸ್ಥಿತಿಯಲ್ಲಿದೆ ಅನ್ನುವುದರ ಮೇಲೆ ನಿಂತಿದ್ದರೆ, ಆ ಚೆಕ್ ಲಾಕ್_ಸಾಕ್, ಅಂದರೆ ಸಾಕೆಟ್‌ನ ಲಾಕ್, ಹಿಡಿದು ಅದರ ಒಳಗೇ ಆಗಬೇಕು. ಮತ್ತೆ ಎಎಫ್_ಪ್ಯಾಕೆಟ್: ರಿಂಗ್ ಇದ್ದಾಗ ವರ್ಷನ್ ಬದಲಾಯಿಸಬಾರದು ಅಂತ ಚೆಕ್ ಇತ್ತು, ಈ-ಬಿಸಿ (ಈಗ ಬಳಕೆಯಲ್ಲಿದೆ ಅನ್ನುವ ಎರರ್) ಕೊಡುತ್ತಿತ್ತು. ಆದರೆ ಲಾಕ್ ಹೊರಗೆ. ಒಂದು ಥ್ರೆಡ್ ರಿಂಗ್ ಕಟ್ಟುತ್ತಿರುವಾಗಲೇ ಇನ್ನೊಂದು ವರ್ಷನ್ ಬದಲಾಯಿಸಿಬಿಡಬಹುದಿತ್ತು. 2016ರ ಕೊನೆಯಲ್ಲಿ ಸಿಕ್ಕಿದ ಸಿವಿಇ-2016-8655. ಇದೂ ಒಳಗೆ ಬಂದದ್ದು 2011ರ ಅದೇ ಆಗಸ್ಟ್ ಕಮಿಟ್‌ನಿಂದ.

ವಾಪಸ್ ಕೊಡುವಾಗ

ಹೊರಗೆ ಹೋಗುವ ದಾರಿಯನ್ನು ಜನ ಅಷ್ಟಾಗಿ ನೋಡುವುದಿಲ್ಲ. 2002ರಲ್ಲಿ ಫ್ರೀಬಿಎಸ್‌ಡಿಯ ಆ್ಯಕ್ಸೆಪ್ಟ್, ಗೆಟ್‌ಸಾಕ್‌ನೇಮ್, ಗೆಟ್‌ಪೀರ್‌ನೇಮ್ ಮೂರರಲ್ಲೂ ಮೈನಸ್ ಉದ್ದ ಕೊಟ್ಟರೆ ಮಿತಿ ಚೆಕ್ ದಾಟಿ ಕರ್ನಲ್ ಮೆಮೊರಿಯ ದೊಡ್ಡ ತುಂಡೇ ಯೂಸರ್ ಕೈಗೆ ಬರುತ್ತಿತ್ತು. ಮೈನಸ್ ನಂಬರ್ ಯಾವ ಮಿತಿಗಿಂತಲೂ ಚಿಕ್ಕದಲ್ಲವೇ, ಸೈನ್ಡ್ ಹೋಲಿಕೆಯಲ್ಲಿ ಆರಾಮಾಗಿ ಪಾಸ್. ನಮ್ಮ ಮೊದಲ ಉದಾಹರಣೆಯ ಉಲ್ಟಾ ಇದು. ಅಲ್ಲಿ ಅನ್‌ಸೈನ್ಡ್ ಕೆಡಿಸಿತು, ಇಲ್ಲಿ ಸೈನ್ಡ್.

ಇನ್ನೊಂದು ಪ್ಯಾಡಿಂಗ್. ಇದರಲ್ಲಿ ನಾನೇ ಬಿದ್ದಿದ್ದೇನೆ. ಕೆಲವು ವರ್ಷದ ಹಿಂದೆ ಒಂದು ಒಳಬಳಕೆಯ ಮಾಡ್ಯೂಲ್‌ಗೆ ಗೆಟ್‌ಸಾಕ್‌ಆಪ್ಟ್ ಬರೆದಿದ್ದೆ. ರಚನೆಯಲ್ಲಿ ಒಂದು ಯು8, ಅದರ ಹಿಂದೆ ಒಂದು ಯು32. ಎರಡು ಫೀಲ್ಡ್‌ಗೂ ಬೆಲೆ ತುಂಬಿ ಯೂಸರ್‌ಗೆ ಕಾಪಿ ಮಾಡಿದೆ. ಉದ್ದ ಎಲ್ಲ ಚೆಕ್ ಮಾಡಿದ್ದೆ, ಹೆಮ್ಮೆಯೂ ಇತ್ತು. ಜೊತೆಗಿದ್ದವರೊಬ್ಬರು ಕೆಎಂಸ್ಯಾನ್ (ಬೆಲೆ ತುಂಬದ ಮೆಮೊರಿ ಬಳಸಿದರೆ ಹಿಡಿಯುವ ಕರ್ನಲ್ ಟೂಲ್) ಆನ್ ಮಾಡಿ ಓಡಿಸಿದರು. ಯು8 ಮತ್ತು ಯು32 ನಡುವೆ ಕಂಪೈಲರ್ ಬಿಟ್ಟ ಮೂರು ಬೈಟ್‌ನಲ್ಲಿ ಸ್ಟ್ಯಾಕ್ ಕಸ ಹಾಗೇ ಹೊರಗೆ ಹೋಗುತ್ತಿತ್ತು. ಪ್ರತಿ ಕಾಲ್‌ಗೂ ಮೂರು ಬೈಟ್ ದಾನ. ರಚನೆ ಘೋಷಿಸಿದ ಕೂಡಲೇ ಮೆಮ್‌ಸೆಟ್ ಹಾಕಿ ಪೂರ್ತಿ ಸೊನ್ನೆ ತುಂಬಿ, ಇಲ್ಲವೇ ಪ್ಯಾಡಿಂಗ್ ಬರದ ಹಾಗೆ ಫೀಲ್ಡ್ ಜೋಡಿಸಿ. ಘೋಷಣೆಯಲ್ಲೇ ಫೀಲ್ಡ್ ಹೆಸರು ಹಿಡಿದು ಬೆಲೆ ಕೊಟ್ಟರೆ ಪ್ಯಾಡಿಂಗ್ ಸೊನ್ನೆ ಆಗುತ್ತದೆ ಅಂತ ಭಾಷೆ ಮಾತು ಕೊಟ್ಟಿಲ್ಲ.

ಪರೀಕ್ಷೆ

ಚೆಕ್ ಬರೆದ ಮೇಲೆ ಅದನ್ನು ಬಡಿಯುವ ಪುಟ್ಟ ಸಿ ಪ್ರೋಗ್ರಾಂ ಒಂದನ್ನು ಅವತ್ತೇ ಬರೆಯಿರಿ, ನಾಳೆ ಅಂದರೆ ಆಗುವುದಿಲ್ಲ. ಉದ್ದಕ್ಕೆ ಕೊಡಬೇಕಾದ ನಂಬರ್‌ಗಳು: -1, 0, 1, ರಚನೆಯ ಗಾತ್ರಕ್ಕಿಂತ ಒಂದು ಕಡಿಮೆ, ಸರಿಯಾದ ಗಾತ್ರ, ಒಂದು ಜಾಸ್ತಿ, ಆಮೇಲೆ 2147483647 ಮತ್ತು -2147483648. ಒಳಗಿನ ಪ್ರತಿ ಎಣಿಕೆ ಫೀಲ್ಡ್‌ಗೂ ಇದೇ ಪಟ್ಟಿ, ಜೊತೆಗೆ 65535, 65536. ಸೋಲಬೇಕಾದದ್ದು ಸೋತರೆ ಸಾಲದು, ಸರಿಯಾದ ಎರರ್‌ನಲ್ಲಿ ಸೋಲಬೇಕು. ನಂಬರ್ ತಪ್ಪಿದರೆ ಈ-ಇನ್‌ವಾಲ್, ಪಾಯಿಂಟರ್ ತಪ್ಪಿದರೆ ಈ-ಫಾಲ್ಟ್, ಗೊತ್ತಿಲ್ಲದ ಆಪ್ಷನ್‌ಗೆ ಈ-ನೋ-ಪ್ರೋಟೋ-ಆಪ್ಟ್. ಸೋತ ಮೇಲೆ ಗೆಟ್‌ಸಾಕ್‌ಆಪ್ಟ್ ಮಾಡಿ ಹಳೇ ಬೆಲೆ ಹಾಗೇ ಇದೆಯಾ ನೋಡಿ. ಅರ್ಧ ಫೀಲ್ಡ್ ಬದಲಾಯಿಸಿದ ಮೇಲೆ ಎರರ್ ಕೊಡುವ ಹ್ಯಾಂಡ್ಲರ್‌ಗಳು ಹೀಗೆ ಸಿಕ್ಕಿಬೀಳುತ್ತವೆ.

ಒಂದು ಉಪಾಯ ನನಗೆ ತುಂಬಾ ಇಷ್ಟ. ಎಂಮ್ಯಾಪ್‌ನಲ್ಲಿ ಅಕ್ಕಪಕ್ಕ ಎರಡು ಪೇಜ್ ತೆಗೆದುಕೊಳ್ಳಿ. ಎರಡನೆಯದಕ್ಕೆ ಎಂಪ್ರೊಟೆಕ್ಟ್ ಹಾಕಿ ಮುಟ್ಟದ ಹಾಗೆ ಮಾಡಿ. ನಿಮ್ಮ ಬೆಲೆಯನ್ನು ಮೊದಲ ಪೇಜ್‌ನ ತುದಿಗೆ ಅಂಟಿಸಿ ಇಡಿ, ಕೊನೆಯ ಬೈಟ್ ಪೇಜ್‌ನ ಕೊನೆಯ ಬೈಟ್ ಆಗುವ ಹಾಗೆ. ಈಗ ಆಪ್ಟ್‌ಲೆನ್ 1 ಅಂತ ಹೇಳಿ ಒಂದೇ ಬೈಟ್ ಕೊಡಿ. ಈ-ಇನ್‌ವಾಲ್ ಬಂದರೆ ಹ್ಯಾಂಡ್ಲರ್ ಉದ್ದ ನೋಡಿತು ಅಂತ ಅರ್ಥ. ಈ-ಫಾಲ್ಟ್ ಬಂದರೆ ಉದ್ದ ನೋಡದೇ ನಾಲ್ಕು ಬೈಟ್‌ಗೆ ಕೈ ಹಾಕಿ ಬೇಲಿಗೆ ತಾಗಿತು ಅಂತ. ಯಾವ ವಿಶೇಷ ಕರ್ನಲ್ ಬಿಲ್ಡ್ ಬೇಡ, ಲ್ಯಾಪ್‌ಟಾಪ್‌ನ ವರ್ಚುವಲ್ ಮೆಷಿನ್ ಸಾಕು.

ಆಮೇಲೆ ಕೆಸ್ಯಾನ್ (ಮೆಮೊರಿಯ ಮಿತಿ ಮೀರಿದರೆ ಹಿಡಿಯುವುದು), ಯುಬಿಸ್ಯಾನ್ (ಓವರ್‌ಫ್ಲೋ ಥರದ ಲೆಕ್ಕದ ತಪ್ಪು ಹಿಡಿಯುವುದು) ಆನ್ ಮಾಡಿದ ಬಿಲ್ಡ್‌ನಲ್ಲಿ ಅದೇ ಪ್ರೋಗ್ರಾಂ ಓಡಿಸಿ. ಕೆಎಂಸ್ಯಾನ್‌ಗೆ ಬೇರೆ ಬಿಲ್ಡ್ ಬೇಕು, ಕ್ಲ್ಯಾಂಗ್ ಬೇಕು, ನಿಧಾನವೂ ಹೌದು. ರಾತ್ರಿ ಬಿಟ್ಟು ಮಲಗಿ. ನಿಮ್ಮ ಆಪ್ಷನ್‌ಗಳ ವಿವರಣೆಯನ್ನು ಸಿಜ್‌ಕಾಲರ್‌ನ ಭಾಷೆಯಲ್ಲಿ ಬರೆದುಕೊಟ್ಟರೆ ಅದು ನಿಮಗೆ ಹೊಳೆಯದ ನಂಬರ್‌ಗಳನ್ನೂ ತಾನೇ ಹುಟ್ಟಿಸುತ್ತದೆ. ಯಾವ ಫೀಲ್ಡ್ ಯಾವುದರ ಉದ್ದ ಅಂತ ಅದಕ್ಕೆ ಹೇಳುವುದನ್ನು ಮಾತ್ರ ಮರೆಯಬೇಡಿ. ಹೇಳದಿದ್ದರೆ ಅದು ಕೊಡುವ ಬಹುಪಾಲು ಇನ್‌ಪುಟ್ ನಿಮ್ಮ ಮೊದಲ ಚೆಕ್‌ಗೇ ಬಡಿದು ವಾಪಸ್ ಹೋಗುತ್ತದೆ, ಒಳಗಿನ ಕೋಡ್ ಮುಟ್ಟುವುದೇ ಇಲ್ಲ, ನೀವು ಬೆಳಿಗ್ಗೆ ಎದ್ದು ಬಗ್ ಸಿಕ್ಕಿಲ್ಲ ಅಂತ ಸುಮ್ನೆ ಖುಷಿಪಡುತ್ತೀರಿ.